ತೊಟ್ಟಿಲಿಗೆ ಕಟ್ಟಿದ ಸಂಚಕಾರ

ಸ್ಕಾಟ್ಲೆಂಡಿನ ಆಡುನುಡಿಯಲ್ಲಿ ‘ಆರ್ಲ್ಸ್’ ಎಂಬ ಒಂದು ಮಾತಿತ್ತು. ಈಗ ಅದು ನಿಘಂಟಿನ ಪುಟಗಳಲ್ಲಿದೆ. ಸಂತೆಬೀದಿಯಲ್ಲಿ ಅದನ್ನು ಆಡುವವರಿಲ್ಲ. ಆಳನ್ನು ಗೊತ್ತುಮಾಡಿಕೊಳ್ಳುವಾಗ ಧಣಿಯು ಆಳಿನ ಅಂಗೈಯಲ್ಲಿ ಇಡುತ್ತಿದ್ದ ಸಣ್ಣ ಮುಂಗಡ ಹಣಕ್ಕೆ ಆ ಹೆಸರು. ಹಣ ಅಂಗೈಯಿಂದ ಜೇಬಿಗೆ ಇಳಿದರೆ ಮಾತು ಮುಗಿಯಿತು. ಕಾಗದ ಬೇಕಿಲ್ಲ, ರುಜು ಬೇಕಿಲ್ಲ. ಆಳು ಆ ಧಣಿಗೆ ಸೇರಿದವನಾದ.

ಏಳು ಸಮುದ್ರದಾಚೆಯ ಒಂದು ಸತ್ತ ಮಾತನ್ನು ಕಟ್ಟಿಕೊಂಡು ನಮ್ಮೂರಿನ ಗಿರಣಿ ಕೆಲಸಗಾರರಿಗೆ, ಚಿಲ್ಲರೆ ಅಂಗಡಿಯವರಿಗೆ ಆಗಬೇಕಾದುದೇನು ಎಂದು ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ. ನಮ್ಮ ಉತ್ತರ ಇಷ್ಟು: ಮುಂಗಡ ಕೊಡದೆ, ಮುಂಗಡ ತೆಗೆದುಕೊಳ್ಳದೆ ಜೀವನ ಸಾಗಿಸಿದವರು ನಮ್ಮ ಓದುಗರಲ್ಲಿ ಒಬ್ಬರೂ ಇರಲಾರರು. ಅಂಗಡಿಯವನಿಗೆ ಮುಂಗಡವೆಂದರೆ ನಂಬಿಕೆಯ ಗುರುತು. ಕೂಲಿಯವನಿಗೆ ಅದೇ ಮುಂಗಡ ಅನೇಕ ಸಲ ಕಾಲಿನ ಸರಪಳಿ. ನಂಬಿಕೆ ಯಾವ ಗಳಿಗೆಯಲ್ಲಿ ಸರಪಳಿಯಾಗಿ ಮಾರ್ಪಡುತ್ತದೆ? ಈ ಒಂದು ಮಾತಿನ ಚರಿತ್ರೆ ಅದನ್ನು ಚೆನ್ನಾಗಿ ತೋರಿಸಿಕೊಡುತ್ತದೆ.

ವರ್ತಕರ ಬಾಯಿಂದ ಬಂದ ಮಾತು

ಈ ಮಾತು ಹುಟ್ಟಿದ್ದು ಸ್ಕಾಟ್ಲೆಂಡಿನಲ್ಲಲ್ಲ. ಅದರ ಬೇರು ಇರುವುದು ಪಶ್ಚಿಮ ಏಷ್ಯದ ನುಡಿಗಳಲ್ಲಿ. ಹೀಬ್ರೂ ಭಾಷೆಯಲ್ಲಿ ‘ಎರಾಬೋನ್’ ಎಂದರೆ ಒತ್ತೆ. ಆ ಕಡೆಯ ವರ್ತಕರಿಂದ ಗ್ರೀಕರು ಅದನ್ನು ಪಡೆದು ‘ಅರ್ರಾಬೋನ್’ ಎಂದರು. ರೋಮನರು ಮೊಟಕುಮಾಡಿ ‘ಅರ್ರ’ ಎಂದರು. ಲ್ಯಾಟಿನ್ನಿನಿಂದ ಹಳೆಯ ಫ್ರೆಂಚಿಗೆ ಇಳಿದು, ಅಲ್ಲಿಂದ ಕಡಲು ದಾಟಿ, ಸ್ಕಾಟ್ಲೆಂಡಿನಲ್ಲಿಯೂ ಇಂಗ್ಲೆಂಡಿನ ಉತ್ತರ ಭಾಗದಲ್ಲಿಯೂ ಅದು ‘ಆರ್ಲ್ಸ್’ ಆಯಿತು. ಫ್ರೆಂಚರ ವ್ಯಾಪಾರದ ಕಾನೂನಿನಲ್ಲಿ ಮುಂಗಡಕ್ಕೆ ಇಂದಿಗೂ ಇದೇ ಬೇರಿನ ಮಾತು ಬಳಕೆಯಲ್ಲಿದೆ. ಒಂದು ಮಾತು ಇಷ್ಟು ದೂರ ನಡೆದುಬರಬೇಕಾದರೆ ಅದನ್ನು ಹೊತ್ತು ತಂದವರು ಪಂಡಿತರಲ್ಲ. ಹಡಗಿನಲ್ಲಿ ಸರಕು ಸಾಗಿಸಿದವರು, ಸಂತೆಯಲ್ಲಿ ಚೌಕಾಸಿ ಮಾಡಿದವರು.

ವರ್ತಕರ ಕೈಯಲ್ಲಿದ್ದಷ್ಟು ಕಾಲ ಅದು ಎರಡೂ ಕಡೆಗೆ ಸಮನಾದ ಕಟ್ಟಾಗಿತ್ತು. ರೋಮನ್ ಚಕ್ರವರ್ತಿ ಜಸ್ಟಿನಿಯನ್ನನ ಕಾಲದ ನ್ಯಾಯಸಂಹಿತೆಯ ಕಟ್ಟಳೆ ಹೀಗಿದೆ: ಕೊಳ್ಳುವವನು ಮಾತಿಗೆ ತಪ್ಪಿದರೆ ಕೊಟ್ಟ ಮುಂಗಡ ಹೋಯಿತು, ಮಾರುವವನು ತಪ್ಪಿದರೆ ಪಡೆದುದರ ಎರಡರಷ್ಟನ್ನು ಹಿಂದಿರುಗಿಸಬೇಕು. ನಮ್ಮ ದೇಶದ ಯಾಜ್ಞವಲ್ಕ್ಯ ಸ್ಮೃತಿಯೂ ‘ಸತ್ಯಂಕಾರ’ವಾಗಿ ಕೊಟ್ಟ ಹಣವನ್ನು ಎರಡರಷ್ಟಾಗಿ ಹಿಂದಿರುಗಿಸಬೇಕು ಎನ್ನುತ್ತದೆ. ಸತ್ಯಂಕಾರ ಎಂದರೆ ಮಾತನ್ನು ನಿಜಮಾಡುವ ಹಣ. ರೋಮಿನ ನ್ಯಾಯವಾದಿಗೂ ನಮ್ಮ ಸ್ಮೃತಿಕಾರನಿಗೂ ಒಂದೇ ವಿಚಾರ ಹೊಳೆದದ್ದು ಆಶ್ಚರ್ಯವಲ್ಲ. ಸಮಾನರು ಸಮಾನರೊಡನೆ ವ್ಯವಹಾರ ಮಾಡುವ ಕಡೆ ಕಟ್ಟು ಇಬ್ಬರಿಗೂ ಇರಲೇಬೇಕಾಗುತ್ತದೆ.

ಈ ಸತ್ಯಂಕಾರವೇ ಕನ್ನಡಿಗರ ಬಾಯಲ್ಲಿ ‘ಸಂಚಕಾರ’ವಾಯಿತು. ಹೊಲ ಕೊಳ್ಳುವಾಗ, ಎತ್ತು ಕೊಳ್ಳುವಾಗ ಹಿರಿಯರು ಸಂಚಕಾರ ಕೊಡುತ್ತಿದ್ದರು. ಇಂದು ನಾವು ಮುಂಗಡವೆಂದೋ, ಬಯಾನವೆಂದೋ, ಅಡ್ವಾನ್ಸೆಂದೋ ಹೇಳುತ್ತೇವೆ. ಸಂಚಕಾರ ಎಂಬ ಮಾತನ್ನು ಬೇರೊಂದಕ್ಕೆ ಇಟ್ಟುಕೊಂಡಿದ್ದೇವೆ: ‘ಜೀವಕ್ಕೆ ಸಂಚಕಾರ ಬಂತು’, ‘ಅನ್ನಕ್ಕೆ ಸಂಚಕಾರ ಬಂತು.’ ಒಪ್ಪಂದವನ್ನು ನಿಜಮಾಡಬೇಕಾದ ಹಣದ ಹೆಸರು ಕೇಡಿನ ಹೆಸರಾದದ್ದು ಹೇಗೆ? ಜೀವವನ್ನು ಯಾರೋ ಮುಂಗಡ ಕೊಟ್ಟು ಗೊತ್ತುಮಾಡಿಕೊಂಡು ಹೋಗಿದ್ದಾರೆ, ಇನ್ನು ಒಯ್ಯುವುದೊಂದೇ ಬಾಕಿ ಎಂಬ ಭಾವ ಅದರ ಹಿಂದೆ ಇರುವಂತೆ ನಮಗೆ ತೋರುತ್ತದೆ. ನಮ್ಮಲ್ಲಿ ಮಾತಿನ ಅರ್ಥ ಹೀಗೆ ತಿರುಗಿತು. ಸ್ಕಾಟ್ಲೆಂಡಿನಲ್ಲಿ ಮಾತಿನ ಅರ್ಥ ಹಾಗೆಯೇ ಉಳಿದು, ಅದು ಮಾಡುವ ಕೆಲಸ ತಿರುಗಿತು.

ದೇವಾಲಯದಿಂದ ಆಳಿನ ಸಂತೆಗೆ

ಆರ್ಲ್ಸ್ ಎಂಬ ಮಾತು ಅಲ್ಲಿ ಎಲ್ಲ ಕಡೆಯೂ ಓಡಾಡಿತು. 17ನೆಯ ಶತಮಾನದ ಧರ್ಮಬೋಧಕ ಸ್ಯಾಮ್ಯುಯಲ್ ರುದರ್‌ಫರ್ಡ್ ತನ್ನ ಪತ್ರಗಳಲ್ಲಿ, ಭಕ್ತನಿಗೆ ಈ ಲೋಕದಲ್ಲಿಯೇ ದೊರೆಯುವ ದೈವಾನುಭವವನ್ನು ಸ್ವರ್ಗದ ಆರ್ಲ್ಸ್ ಎಂಬ ಅರ್ಥದಲ್ಲಿ ಬಣ್ಣಿಸಿದ್ದಾನೆ. ಪೂರ್ತಿ ಸಂಬಳ ಪರಲೋಕದಲ್ಲಿ, ಮುಂಗಡ ಇಲ್ಲಿ! ಕವಿ ರಾಬರ್ಟ್ ಬರ್ನ್ಸ್ ಒಂದು ಹಾಡಿನಲ್ಲಿ ಮಾತನ್ನು ಬೇರೆ ಕಡೆಗೆ ತಿರುಗಿಸಿದ್ದಾನೆ. ಅಲ್ಲಿ ಒಬ್ಬ ಹುಡುಗಿ ತನ್ನನ್ನು ಮೆಚ್ಚಿ ಬಂದವನಿಗೆ, ನಿನ್ನ ಪ್ರೀತಿ ಬರೀ ಮುಂಗಡದ ಕಾಸು, ನೀನು ಕೊಳ್ಳಬಂದ ಸರಕು ನನ್ನ ವರದಕ್ಷಿಣೆ ಎಂದು ಹಂಗಿಸುತ್ತಾಳೆ. ಹಳ್ಳಿಯ ಹುಡುಗಿಗೂ ತಿಳಿದಿತ್ತು: ಮುಂಗಡ ಕೊಡುವವನ ಕಣ್ಣು ಮುಂಗಡದ ಮೇಲಿರುವುದಿಲ್ಲ.

ಬೇಸಾಯದ ಆಳುಗಳಿಗಾಗಿ ಅಲ್ಲಿ ವರ್ಷಕ್ಕೆ ಎರಡು ಸಲ, ಮೇ ತಿಂಗಳಲ್ಲಿಯೂ ನವೆಂಬರಿನಲ್ಲಿಯೂ, ಪಟ್ಟಣಗಳಲ್ಲಿ ಆಳಿನ ಸಂತೆ ಕೂಡುತ್ತಿತ್ತು. ದನದ ಸಂತೆಗೆ ದನ ಬಂದು ನಿಲ್ಲುವಂತೆ ಗಂಡಾಳು ಹೆಣ್ಣಾಳುಗಳು ಬೀದಿಯಲ್ಲಿ ಬಂದು ನಿಲ್ಲುವರು. ರೈತ ಧಣಿಗಳು ಮೈಕಟ್ಟು ನೋಡಿ, ಎಲ್ಲಿ ದುಡಿದಿದ್ದೆ ಎಂದು ವಿಚಾರಿಸಿ, ಚೌಕಾಸಿ ಮಾಡಿ ಆರ್ಲ್ಸ್ ಕೊಡುವರು. ಸಾಮಾನ್ಯವಾಗಿ ಅದು ಒಂದು ಶಿಲಿಂಗು, ಇಲ್ಲವೆ ಸ್ವಲ್ಪ ಹೆಚ್ಚು. ಆ ಶಿಲಿಂಗಿಗೆ ಒಂಟಿ ಆಳು ಆರು ತಿಂಗಳು, ಸಂಸಾರಸ್ಥ ಒಂದು ವರ್ಷ ಕಟ್ಟುಬೀಳುವನು. ಒಂಟಿ ಆಳಿನ ಸಂಬಳ ಕೈಸೇರುವುದು ಆರು ತಿಂಗಳ ಅವಧಿ ಮುಗಿದ ಮೇಲೆ. ನಡುವೆ ಬಿಟ್ಟುಹೋದರೆ ದುಡಿದ ದುಡ್ಡಿಗೂ ಸಂಚಕಾರ.

ಇಲ್ಲಿ ಒಂದು ಸಂಗತಿಯನ್ನು ಓದುಗರು ಗಮನಿಸಬೇಕು. ಸರಕಿನ ವ್ಯಾಪಾರದಲ್ಲಿ ಮಾತಿಗೆ ತಪ್ಪಿದ ಎರಡು ಕಡೆಯವರಿಗೂ ನಷ್ಟ ಹಣದಲ್ಲಿ. ಆಳಿನ ವ್ಯವಹಾರದಲ್ಲಿ ಹಾಗಲ್ಲ. ಬ್ರಿಟನ್ನಿನ ಹಳೆಯ ‘ಧಣಿ ಮತ್ತು ಸೇವಕ’ ಕಾನೂನಿನ ಪ್ರಕಾರ ಧಣಿ ಕರಾರಿಗೆ ತಪ್ಪಿದರೆ ಅದು ಸಿವಿಲ್ ವ್ಯಾಜ್ಯ. ಆಳು ತಪ್ಪಿದರೆ ಅದು ಅಪರಾಧ, ಅವನಿಗೆ ಜೈಲು. ಈ ಅನ್ಯಾಯದ ವಿರುದ್ಧ 1860ರ ದಶಕದಲ್ಲಿ ಗ್ಲಾಸ್ಗೋ ನಗರದ ಕಾರ್ಮಿಕ ಸಂಘಗಳ ಮಂಡಲಿ ಮುಂದೆ ನಿಂತು ಚಳವಳಿ ಹೂಡಿತು. 1867ರಲ್ಲಿ ಕಾನೂನು ಸ್ವಲ್ಪ ಸಡಿಲವಾಯಿತು. 1875ರಲ್ಲಿ ಆ ಭೇದ ಹೋಗಿ, ಕರಾರು ಎರಡೂ ಪಕ್ಷಗಳಿಗೆ ಸಿವಿಲ್ ವಿಷಯವಾಯಿತು. ದಾನವಾಗಿ ಬಂದದ್ದಲ್ಲ, ಸಂಘಟನೆಯಿಂದ ಬಂದದ್ದು.

ಮಗುವಿನ ತಲೆಗೆ ನೀರು, ತಂದೆಯ ಕೈಗೆ ಕಾಸು

ಆಳಿನ ಸಂತೆಯ ಆರ್ಲ್ಸಿಗೆ ಕೊನೆಗೂ ಒಂದು ಅವಧಿಯಿತ್ತು. ಕಲ್ಲಿದ್ದಲು ಗಣಿಗಳಲ್ಲಿ ಅದೂ ಇರಲಿಲ್ಲ.

1606ರಲ್ಲಿ ಸ್ಕಾಟ್ಲೆಂಡಿನ ಪಾರ್ಲಿಮೆಂಟು ಒಂದು ಶಾಸನ ಮಾಡಿತು. ಕಲ್ಲಿದ್ದಲು ಕಡಿಯುವವರು, ಹೊರುವವರು, ಸಮುದ್ರದ ನೀರು ಕಾಯಿಸಿ ಉಪ್ಪು ತೆಗೆಯುವವರು—ಇವರನ್ನು ಹಿಂದಿನ ಧಣಿಯ ಒಪ್ಪಿಗೆಯ ಚೀಟಿಯಿಲ್ಲದೆ ಬೇರೆ ಯಾರೂ ಕೆಲಸಕ್ಕೆ ಇಟ್ಟುಕೊಳ್ಳಕೂಡದು. ಇಟ್ಟುಕೊಂಡರೆ ಒಂದು ವರ್ಷ ಒಂದು ದಿನದೊಳಗೆ ಹಳೆಯ ಧಣಿ ಕೇಳಿದಾಗ ಇಪ್ಪತ್ತನಾಲ್ಕು ಗಂಟೆಯಲ್ಲಿ ಒಪ್ಪಿಸಬೇಕು. ಇಲ್ಲವಾದರೆ 100 ಪೌಂಡು ದಂಡ. ಮುಂಗಡ ಕೂಲಿ ಪಡೆದು ಹಾಗೆ ಹೋದ ಕೆಲಸಗಾರನನ್ನು ಕಳ್ಳನೆಂದು ಎಣಿಸಿ ಮೈಮೇಲೆ ಶಿಕ್ಷೆ ಕೊಡಬೇಕು. ಕಳ್ಳ! ಅವನು ಕದ್ದದ್ದೇನು? ತನ್ನ ರಟ್ಟೆಯನ್ನು ತಾನೇ ಕದ್ದುಕೊಂಡು ಹೋದನೆಂದು ಆ ಶಾಸನದ ತಾತ್ಪರ್ಯ. ಶಾಸನ ಮಾಡಿದ ಸಭೆಯಲ್ಲಿ ಜಮೀನ್ದಾರರಿದ್ದರು. ಜಮೀನಿನ ಕೆಳಗಿನ ಕಲ್ಲಿದ್ದಲು ಅವರದೇ. ಗಣಿ ಕೆಲಸಗಾರನಿಗೆ ಅಲ್ಲಿ ಬಾಯಿರಲಿಲ್ಲ.

1641ರ ಶಾಸನ ಗಣಿಯ ಇತರ ಕೆಲಸಗಾರರನ್ನೂ ಈ ಬಲೆಯೊಳಗೆ ಸೇರಿಸಿತು. ವಾರಕ್ಕೆ ಆರು ದಿನವೂ ದುಡಿಯಲೇಬೇಕೆಂದು ವಿಧಿಸಿತು. 1701ರಲ್ಲಿ ಅದೇ ಪಾರ್ಲಿಮೆಂಟು ಪ್ರಜೆಗಳನ್ನು ಅನ್ಯಾಯವಾಗಿ ಸೆರೆಯಲ್ಲಿಡಬಾರದೆಂಬ ಒಂದು ಒಳ್ಳೆಯ ಶಾಸನ ಮಾಡಿತು. ಇದು ಗಣಿಯವರಿಗೂ ಉಪ್ಪಿನವರಿಗೂ ಅನ್ವಯಿಸುವುದಿಲ್ಲವೆಂದು ಅದರಲ್ಲಿಯೇ ಬರೆಯಿತು. ಸ್ವಾತಂತ್ರ್ಯದ ಹಬ್ಬಕ್ಕೆ ಊರನ್ನೆಲ್ಲ ಕರೆದು, ಒಲೆಗೆ ಉರಿ ಒದಗಿಸಿದವರನ್ನು ಬಾಗಿಲಾಚೆ ನಿಲ್ಲಿಸಿದಂತೆ. ಅದೇ 1701ರ ಒಂದು ಹಿತ್ತಾಳೆಯ ಕೊರಳಪಟ್ಟಿ ಎಡಿನ್‌ಬರೋದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಕಳವಿಗಾಗಿ ಮರಣದಂಡನೆಗೆ ಗುರಿಯಾದ ಅಲೆಗ್ಸಾಂಡರ್ ಸ್ಟೂವರ್ಟ್ ಎಂಬವನನ್ನು ಒಬ್ಬ ಜಮೀನ್ದಾರನಿಗೆ ‘ನಿತ್ಯಸೇವಕ’ನಾಗಿ ದಾನಮಾಡಲಾಗಿದೆಯೆಂದು ಅದರ ಮೇಲೆ ಕೆತ್ತಿದ್ದಾರೆ. ಮನುಷ್ಯನ ಕುತ್ತಿಗೆಗೆ ಒಡೆಯನ ಹೆಸರಿನ ಪಟ್ಟಿ ಕಟ್ಟುವುದು ಆ ಕಾಲದ ನ್ಯಾಯಸ್ಥಾನಕ್ಕೆ ಅಸಹ್ಯವಾಗಿ ಕಾಣಲಿಲ್ಲ.

ಗಣಿಯವರ ಮಕ್ಕಳು ಹುಟ್ಟಿನಿಂದಲೇ ಜೀತದವರೆಂದು 1606ರ ಶಾಸನದಲ್ಲಿ ಬರೆದಿರಲಿಲ್ಲ. ಆ ಕೊರತೆಯನ್ನು ನಮ್ಮ ಈ ಪುಟ್ಟ ಮಾತು ತುಂಬಿತು. ಕೆಲಸಗಾರನ ಮನೆಯಲ್ಲಿ ಮಗು ಹುಟ್ಟಿದರೆ, ದೀಕ್ಷಾಸ್ನಾನದ ದಿನ ಗಣಿಯ ಧಣಿಯಿಂದ ತಂದೆಗೆ ಒಂದು ಉಡುಗೊರೆ ಬರುತ್ತಿತ್ತು. ಆ ಉಡುಗೊರೆಯ ಹೆಸರೇ ಆರ್ಲ್ಸ್. ತೆಗೆದುಕೊಂಡ ತಂದೆ ಮಗುವನ್ನು ಆ ಗಣಿಯ ಕೆಲಸಕ್ಕೇ ಬೆಳೆಸುವುದಾಗಿ ಒಪ್ಪಿದಂತಾಯಿತು. ಪಾದ್ರಿ ಮಗುವಿನ ತಲೆಗೆ ನೀರು ಹಾಕಿ ದೇವರಿಗೆ ಒಪ್ಪಿಸಿದ. ಧಣಿ ತಂದೆಯ ಕೈಗೆ ಕಾಸು ಹಾಕಿ ಗಣಿಗೆ ಒಪ್ಪಿಸಿಕೊಂಡ. ಬೆಳೆದ ಮೇಲೆ ಒಂದು ವರ್ಷ ಒಂದು ದಿನ ಗಣಿಯಲ್ಲಿ ದುಡಿದರೆ ಕಟ್ಟು ಜೀವಮಾನಕ್ಕೆ ಬಿಗಿಯಿತು. ಗಣಿ ಮಾರಾಟವಾದರೆ ಅದರ ಜೊತೆ ಇವರೂ ಹೊಸ ಧಣಿಗೆ ಸೇರುವರು.

ಬಲವಂತವಿಲ್ಲ, ಚಾವಟಿಯಿಲ್ಲ, ತಂದೆಯೇ ಒಪ್ಪಿ ತೆಗೆದುಕೊಂಡನಲ್ಲ ಎಂದು ಧಣಿಯ ವಕೀಲ ಕೇಳಬಹುದು. ಅಲ್ಲಿಯೇ ಇದೆ ಇದರ ಕಪಟ. ಬಾಣಂತಿ ಮನೆಯಲ್ಲಿ, ಖರ್ಚು ಮೈಮೇಲೆ, ಊರೆಲ್ಲ ಆ ಒಬ್ಬನೇ ಧಣಿಯದು. ಬೇಡವೆನ್ನುವ ಗಂಡಸು ನಾಳೆ ಎಲ್ಲಿಗೆ ಹೋಗಬೇಕು? ತೊಟ್ಟಿಲಲ್ಲಿ ಮಲಗಿದ ಮಗುವಂತೂ ಯಾವ ಕರಾರಿಗೂ ಹೆಬ್ಬೆಟ್ಟು ಒತ್ತಿರಲಿಲ್ಲ.

ಕೂಲಿ ಹೆಚ್ಚಿದ್ದರೆ ಸಾಲದೇ?

ಈ ಗಣಿಯವರಿಗೆ ಕೂಲಿ ಕಡಮೆಯಿತ್ತೇ ಎಂದರೆ ಇಲ್ಲ. ಬಂಡವಾಳಶಾಹಿಗಳು ತಮ್ಮ ಗುರುವೆಂದು ಭಾವಿಸುವ ಆಡಂ ಸ್ಮಿತ್ ಇದನ್ನೇ ತನ್ನ ಗ್ಲಾಸ್ಗೋ ಉಪನ್ಯಾಸಗಳಲ್ಲಿ ವಿವರಿಸಿದ್ದಾನೆ. ಸ್ಕಾಟ್ಲೆಂಡಿನ ಗಣಿಯವನಿಗೆ ಸಾಮಾನ್ಯ ಕೂಲಿಯವನ ಹಲವು ಪಟ್ಟು ಸಂಬಳ. ಇಂಗ್ಲೆಂಡಿನ ನ್ಯೂಕ್ಯಾಸಲ್ ಗಣಿಗಳಲ್ಲಿ ಅದಕ್ಕಿಂತ ಬಹಳ ಕಡಮೆ. ಆದರೂ ಸ್ಕಾಟ್ಲೆಂಡಿನವರು ತಪ್ಪಿಸಿಕೊಂಡು ನ್ಯೂಕ್ಯಾಸಲಿಗೆ ಓಡಿಹೋಗುತ್ತಿದ್ದರು! ಕಾರಣ ಸರಳ: ಅಲ್ಲಿ ಬೇಡವಾದಾಗ ಕೆಲಸ ಬಿಡಬಹುದಿತ್ತು. ಕೂಲಿಯವನಿಗೆ ಹೊಟ್ಟೆಯೊಂದೇ ಇದೆ, ಮಾನವಿಲ್ಲ ಎಂದುಕೊಂಡವರು ಈ ಓಟವನ್ನು ನೆನೆಯಬೇಕು. ‘ಒಳ್ಳೆಯ ಸಂಬಳ ಕೊಡುತ್ತೇವಲ್ಲ, ಸಂಘ ಯಾಕೆ?’ ಎಂದು ಕೇಳುವ ಗಿರಣಿ ಮಾಲೀಕರೂ ನೆನೆಯಬೇಕು.

ಆ ಹೆಚ್ಚಿನ ಕೂಲಿ ಒಬ್ಬನ ಕೂಲಿಯೂ ಆಗಿರಲಿಲ್ಲ. ಗಂಡಸು ಕಡಿದ ಕಲ್ಲಿದ್ದಲನ್ನು ಮೇಲಕ್ಕೆ ಹೊರುವವರನ್ನು ಅವನೇ ಒದಗಿಸಬೇಕು. ಆ ಹೊರೆ ಅವನ ಹೆಂಡತಿ ಮಕ್ಕಳ ಬೆನ್ನ ಮೇಲೆ. ರಾಬರ್ಟ್ ಬಾಲ್ಡ್ ಎಂಬ ಗಣಿ ಎಂಜಿನಿಯರು 1808ರಲ್ಲಿ ಎಡಿನ್‌ಬರೋದಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಹೆಂಗಸರ ದುಡಿಮೆಯನ್ನು ಲೆಕ್ಕಹಾಕಿದ್ದಾನೆ. ಒಂದು ಹೊರೆ ಸುಮಾರು 170 ಪೌಂಡು; ದಿನಕ್ಕೆ ಇಪ್ಪತ್ತನಾಲ್ಕು ಸಲ ಮೆಟ್ಟಿಲು ಹತ್ತಿ ಇಳಿದರೆ ಒಬ್ಬ ಹೆಂಗಸು ಹೊತ್ತದ್ದು 4,080 ಪೌಂಡು. ನಮ್ಮ ತೂಕದಲ್ಲಿ ಹದಿನೆಂಟು ಕ್ವಿಂಟಾಲಿಗೂ ಮಿಕ್ಕು. ಅದೇ 1808ರಲ್ಲಿ, ಅದೇ ಎಡಿನ್‌ಬರೋದಲ್ಲಿ, ಜಾನ್ ಜೇಮಿಸನ್ ಎಂಬ ವಿದ್ವಾಂಸ ಸ್ಕಾಟ್ಸ್ ಭಾಷೆಯ ದೊಡ್ಡ ನಿಘಂಟನ್ನು ಹೊರತಂದ. ಮಾತು ಪುಸ್ತಕದಲ್ಲಿ ಭದ್ರವಾಯಿತು. ಹೊರೆ ಬೆನ್ನಿನ ಮೇಲೆಯೇ ಉಳಿಯಿತು. ಗಣಿಯೊಳಗೆ ಹೆಂಗಸರನ್ನೂ ಹತ್ತು ವರ್ಷದೊಳಗಿನ ಹುಡುಗರನ್ನೂ ದುಡಿಸಬಾರದೆಂಬ ಕಾನೂನು ಬಂದದ್ದು 1842ರಲ್ಲಿ.

ಬಿಡುಗಡೆ ಬಂದ ಬಗೆ

1775ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಬಿಡುಗಡೆಯ ಮೊದಲ ಶಾಸನ ಮಾಡಿತು. ಮನಸ್ಸು ಕರಗಿತೇ? ಸ್ವತಂತ್ರ ದೇಶದಲ್ಲಿ ಇಂತಹ ದಾಸ್ಯವಿರುವುದು ಅವಮಾನವೆಂದು ಶಾಸನದ ಪೀಠಿಕೆಯೇನೋ ಹೇಳುತ್ತದೆ. ಆದರೆ 1759ರಲ್ಲಿ ಆರಂಭವಾದ ಕ್ಯಾರನ್ ಕಬ್ಬಿಣದ ಕಾರ್ಖಾನೆಯಂಥವು ಬೆಳೆದು ಕಲ್ಲಿದ್ದಲಿನ ಬೇಡಿಕೆ ಏರಿತ್ತು. ಜೀತದ ಕಳಂಕವಿರುವ ಕೆಲಸಕ್ಕೆ ಹೊರಗಿನ ಜನ ಬರಲೊಲ್ಲರು. ಹೊಸ ಕೈಗಳು ಬೇಕಿದ್ದರೆ ಹಳೆಯ ಹಗ್ಗ ಬಿಚ್ಚಬೇಕು. ಇದೂ ಒಂದು ಕಾರಣ.

ಹೊಸಬರಿಗೆ ಕಟ್ಟಿಲ್ಲ, ಹಳಬರಿಗೆ ವಯಸ್ಸಿಗೆ ತಕ್ಕಂತೆ ಮೂರು, ಏಳು, ಹತ್ತು ವರ್ಷಗಳ ನಂತರ ಬಿಡುಗಡೆ. ಅದೂ ತಾನಾಗಿ ಬರುವುದಿಲ್ಲ: ಕೆಲಸಗಾರ ಶೆರಿಫನ ಕೋರ್ಟಿಗೆ ಹೋಗಿ ಡಿಕ್ರಿ ತರಬೇಕು. ಓದುಬರಹ ತಿಳಿಯದವನು ಕೋರ್ಟಿಗೆ ಹೋಗುವುದೆಂತು? ಅದಕ್ಕಿಂತ ದೊಡ್ಡ ತೊಡಕು ಸಾಲ. ಧಣಿಗಳು ಕೇಳಿದಾಗಲೆಲ್ಲ ಸಾಲ ಕೊಟ್ಟರು. ಬಾಕಿ ತೀರಿಸದೆ ಹೊರಡುವಂತಿರಲಿಲ್ಲ. ಶಾಸನ ಬಿಚ್ಚಿದ ಗಂಟನ್ನು ಖಾತೆ ಪುಸ್ತಕ ಮತ್ತೆ ಹಾಕಿತು. ಇಪ್ಪತ್ತನಾಲ್ಕು ವರ್ಷ ಕಳೆದ ಮೇಲೆ, 1799ರಲ್ಲಿ, ಯಾವ ಷರತ್ತೂ ಇಲ್ಲದೆ ಎಲ್ಲ ಗಣಿಯವರೂ ಸ್ವತಂತ್ರರೆಂದು ಎರಡನೆಯ ಶಾಸನ ಮಾಡಬೇಕಾಯಿತು. 1606ರಿಂದ ಲೆಕ್ಕಹಾಕಿದರೆ 193 ವರ್ಷ.

ಈ ನಡುವೆ ನಡೆದ ಒಂದು ಮೊಕದ್ದಮೆಯನ್ನು ಹೇಳದಿರಲಾಗದು. ಆಫ್ರಿಕದಲ್ಲಿ ಹುಟ್ಟಿ, ಜಮೈಕದಲ್ಲಿ ಗುಲಾಮನಾಗಿ ಮಾರಾಟವಾಗಿ, ಸ್ಕಾಟ್ಲೆಂಡಿಗೆ ತರಲ್ಪಟ್ಟ ಜೋಸೆಫ್ ನೈಟ್ ತನ್ನ ಒಡೆಯನ ವಿರುದ್ಧ ಕೋರ್ಟಿಗೆ ಹೋದ. 1778ರಲ್ಲಿ ಎಡಿನ್‌ಬರೋದ ಅತ್ಯುಚ್ಚ ಸಿವಿಲ್ ನ್ಯಾಯಾಲಯ ಈ ನೆಲದ ಕಾನೂನು ಗುಲಾಮಗಿರಿಯನ್ನು ಒಪ್ಪುವುದಿಲ್ಲವೆಂದು ತೀರ್ಪಿತ್ತಿತು. ತೀರ್ಪು ಘನವಾದದ್ದು. ಆದರೆ ಆ ದಿನವೂ ಸ್ಕಾಟ್ಲೆಂಡಿನ ನೆಲದಡಿಯಲ್ಲಿ ಅಲ್ಲಿಯೇ ಹುಟ್ಟಿದ ಸಾವಿರಾರು ಮಂದಿ ಆರ್ಲ್ಸಿನ ಕಟ್ಟಿನಲ್ಲಿದ್ದರು.

ಬಿಡುಗಡೆಯ ನಂತರವೂ ಮುಂಗಡದ ಮಾಯೆ ಹೋಗಲಿಲ್ಲ. ಈಗ ಅದು ಕಂಪನಿಯ ಅಂಗಡಿಯ ವೇಷದಲ್ಲಿ ಬಂತು. ಬಟವಾಡೆಯ ದಿನಕ್ಕೆ ಮುಂಚೆ ಹಣ ಬೇಕೆಂದ ಗಣಿಯವನಿಗೆ ಮುಂಗಡ ಸಿಗುತ್ತಿತ್ತು, ಆದರೆ ಅದನ್ನು ಕಂಪನಿಯ ಅಂಗಡಿಯಲ್ಲಿಯೇ ಖರ್ಚುಮಾಡಬೇಕು. ಕೂಲಿಯನ್ನು ನಾಣ್ಯದಲ್ಲಿಯೇ ಕೊಡಬೇಕೆಂದು 1831ರಲ್ಲಿ ಕಾನೂನಾಗಿದ್ದರೂ ಸ್ಕಾಟ್ಲೆಂಡಿನ ಗಣಿ ಸೀಮೆಯಲ್ಲಿ ಈ ಪದ್ಧತಿ ಜೀವಂತವಾಗಿತ್ತೆಂದು 1871ರ ಸರ್ಕಾರಿ ವಿಚಾರಣಾ ಮಂಡಲಿ ಕಂಡುಕೊಂಡಿತು. ಇಲ್ಲಿ ಕೆಟ್ಟವರು ಕಾರ್ಮಿಕರು ಮಾತ್ರವಲ್ಲ. ಆ ಊರಿನ ಸಣ್ಣ ಅಂಗಡಿಯವನ ಬಾಗಿಲಿಗೆ ಗಿರಾಕಿ ಬರದಂತೆ ಮಾಡಿದ್ದೂ ಅದೇ ಮುಂಗಡ. ಕಟ್ಟುಬಿದ್ದ ಕೂಲಿಯವನು ಯಾವ ಬೀದಿಗೂ ಗಿರಾಕಿಯಾಗಲಾರ.

ಆ ಗಣಿ ಜನರ ನಡುವೆ, ಲ್ಯಾನಾರ್ಕ್‌ಷೈರಿನಲ್ಲಿ, 1856ರಲ್ಲಿ ಕೀರ್ ಹಾರ್ಡಿ ಹುಟ್ಟಿದ. ಹತ್ತನೆಯ ವಯಸ್ಸಿಗೆ ಗಣಿಗಿಳಿದ. 1892ರಲ್ಲಿ ಪಾರ್ಲಿಮೆಂಟು ಹೊಕ್ಕ. 1907ರಲ್ಲಿ ಭಾರತಕ್ಕೂ ಬಂದು ಹೋದ. ತೊಟ್ಟಿಲಲ್ಲಿ ಗುರುತು ಹಾಕಿಸಿಕೊಂಡ ಜನರ ಸೀಮೆಯಿಂದ ಪಾರ್ಲಿಮೆಂಟಿನಲ್ಲಿ ದನಿಯೆತ್ತುವವನು ಬರಲು ಸಂಘಗಳ ದೀರ್ಘ ದುಡಿಮೆ ಬೇಕಾಯಿತು.

ನಮ್ಮ ಮನೆಯ ಸಂಗತಿ

ಇದನ್ನೆಲ್ಲ ಓದಿ ‘ಅಯ್ಯೋ ಪಾಪ’ ಎಂದು ಪತ್ರಿಕೆ ಮಡಿಚಿಡುವ ಹಕ್ಕು ನಮಗಿಲ್ಲ. ಅದೇ ಬ್ರಿಟಿಷರು 1859ರಲ್ಲಿ ಭಾರತದಲ್ಲಿ 13ನೆಯ ಕಾಯಿದೆ ಮಾಡಿದರು. ಮುಂಗಡ ಪಡೆದು ಕೆಲಸ ಮಾಡದ ಕೂಲಿಯವನಿಗೆ ಮ್ಯಾಜಿಸ್ಟ್ರೇಟನು ಹಣ ತೀರಿಸು ಇಲ್ಲವೆ ದುಡಿ ಎಂದು ಆಜ್ಞೆಮಾಡಬಹುದು. ಕೇಳದಿದ್ದರೆ ಮೂರು ತಿಂಗಳವರೆಗೆ ಸೆರೆ. ತಮ್ಮ ದೇಶದಲ್ಲಿ ಇಂತಹ ಶಿಕ್ಷೆಯನ್ನು 1875ರಲ್ಲಿ ಕಿತ್ತುಹಾಕಿದವರು ಇಲ್ಲಿಯದನ್ನು ರದ್ದುಮಾಡಿದ್ದು 1925ರ ಕಾಯಿದೆಯಿಂದ. ಐವತ್ತು ವರ್ಷ ತಡ!

ಸ್ವತಂತ್ರ ಭಾರತದ ಸಂವಿಧಾನದ 23ನೆಯ ಅನುಚ್ಛೇದ ಬಿಟ್ಟಿ ದುಡಿಮೆಯನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸಿತು. ಜೀತಪದ್ಧತಿ ರದ್ದತಿಯ ಕಾಯಿದೆ ಬಂದದ್ದು 1976ರಲ್ಲಿ. ಆ ಕಾಯಿದೆಯಲ್ಲಿ ಜೀತಕ್ಕೆ ದೇಶದ ಬೇರೆಬೇರೆ ಕಡೆಯಲ್ಲಿರುವ ಹೆಸರುಗಳ ಪಟ್ಟಿಯಿದೆ: ಕಾಮಿಯಾ, ಪಾಲೇರು, ಸಾಗ್ರಿ, ವೆಟ್ಟಿ, ಮತ್ತು ನಮ್ಮ ‘ಜೀತ’. ಇದೂ ಒಂದು ನಿಘಂಟೇ ಸರಿ. ಕಾಯಿದೆ ಜೀತವನ್ನೂ ಜೀತದ ಸಾಲವನ್ನೂ ಒಟ್ಟಿಗೇ ಅಳಿಸಿತು. ಸಾಲ ಜೀತದ ಸಾಲವಲ್ಲವೆಂದು ಸಿದ್ಧಪಡಿಸುವ ಭಾರವನ್ನು ಸಾಲ ಕೊಟ್ಟವನ ಮೇಲೆ ಹೊರಿಸಿತು. ಜೀತಕ್ಕೆ ದುಡಿಸಿದವನಿಗೆ ಮೂರು ವರ್ಷದವರೆಗೆ ಸೆರೆ, 2,000 ರೂಪಾಯಿವರೆಗೆ ದಂಡವಿಟ್ಟಿತು. ಕನಿಷ್ಠ ಕೂಲಿಗಿಂತ ಕಡಮೆಗೆ ದುಡಿಸುವುದೂ ಬಲವಂತದ ದುಡಿಮೆಯೇ ಎಂದು 1982ರಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಕಾಯಿದೆ ಒಳ್ಳೆಯದೇ. 1775ರ ಶಾಸನವೂ ಕೇಳುವುದಕ್ಕೆ ಒಳ್ಳೆಯದೇ ಆಗಿತ್ತು. ನಮ್ಮ ಮಾಗಡಿ, ರಾಮನಗರಗಳ ರೇಷ್ಮೆ ಕೈಗಾರಿಕೆಯಲ್ಲಿ, ತಂದೆತಾಯಿಗಳಿಗೆ ಮುಂಗಡ ಕೊಟ್ಟು ಮಕ್ಕಳನ್ನು ದುಡಿತಕ್ಕೆ ಕಟ್ಟಿಕೊಂಡದ್ದನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 1996ರಲ್ಲಿಯೂ 2003ರಲ್ಲಿಯೂ ವರದಿಮಾಡಿತು. ದೀಕ್ಷಾಸ್ನಾನದ ಆರ್ಲ್ಸಿಗೂ ಇದಕ್ಕೂ ವ್ಯತ್ಯಾಸವೇನು? ಹೆಸರೊಂದೇ. ಕಬ್ಬು ಕಡಿಯಲು ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ ಗಂಡಹೆಂಡಿರು ಜೋಡಿಯಾಗಿ ‘ಉಚಲ್’ ಎಂಬ ಮುಂಗಡ ಪಡೆದು ಹೊರಡುತ್ತಾರೆ. ಹಂಗಾಮಿನ ಕೊನೆಗೆ ಲೆಕ್ಕ ತೀರದಿದ್ದರೆ ಬಾಕಿ ಮುಂದಿನ ಹಂಗಾಮಿಗೆ ಏರುತ್ತದೆ. ಇಟ್ಟಿಗೆ ಗೂಡುಗಳಲ್ಲಿಯೂ ಮೇಸ್ತ್ರಿಯ ಮುಂಗಡವೇ ಮೊದಲ ಮಾತು.

ಹಾಗಾದರೆ ಮುಂಗಡವೇ ಬೇಡವೇ? ಮಗಳ ಮದುವೆಗೆ, ಆಸ್ಪತ್ರೆಯ ಖರ್ಚಿಗೆ ಬಡವನಿಗೆ ಬೇರೆ ಯಾರು ಕೊಡುತ್ತಾರೆ ಎಂದು ಕೇಳುವವರಿದ್ದಾರೆ. ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇವೆ. ಸರಕಿಗೆ ಕೊಟ್ಟ ಮುಂಗಡ ವ್ಯಾಪಾರ. ಮನುಷ್ಯನಿಗೆ ಕೊಟ್ಟ ಮುಂಗಡ ಬರೀ ಸಾಲವಾಗಿರಬೇಕು, ಅದಕ್ಕಿಂತ ಹೆಚ್ಚಿನದಾಗಬಾರದು. ಸಾಲವನ್ನು ಕೂಲಿಯವನು ಹಣದಿಂದ ತೀರಿಸಲಿ, ಕಂತಿನಲ್ಲಿ ತೀರಿಸಲಿ. ಅದರ ಹೆಸರಿನಲ್ಲಿ ಅವನನ್ನಾಗಲಿ ಅವನ ಮಕ್ಕಳನ್ನಾಗಲಿ ಹಿಡಿದಿಡುವ ಅಧಿಕಾರ ಯಾರಿಗೂ ಇಲ್ಲ. ಬೇಕಾದಾಗ ಕೆಲಸ ಬಿಡುವ ಹಕ್ಕನ್ನು ಯಾವ ಮೊತ್ತಕ್ಕೂ ಒತ್ತೆಯಿಡಕೂಡದು. ಮಾತಿಗೆ ತಪ್ಪಿದ ಕೂಲಿಯವನ ಮುಂಗಡ ಹೋಗುವುದಾದರೆ, ಮಾತಿಗೆ ತಪ್ಪಿದ ಧಣಿ ಎರಡರಷ್ಟು ಕೊಡುವನೇ? ಯಾಜ್ಞವಲ್ಕ್ಯನ ಆ ಕಟ್ಟಳೆಯನ್ನು ಒಪ್ಪುವ ಒಬ್ಬ ಕಂಟ್ರಾಕ್ಟರನನ್ನು ನಮಗೆ ತೋರಿಸಿ!

ಆಗಬೇಕಾದ ಕೆಲಸವೂ ಅಸ್ಪಷ್ಟವಾಗಿಲ್ಲ. ಪ್ರತಿ ಜಿಲ್ಲೆಯಲ್ಲಿಯೂ ಉಪವಿಭಾಗದಲ್ಲಿಯೂ ಜಾಗೃತಿ ಸಮಿತಿ ಇರಬೇಕೆಂದು 1976ರ ಕಾಯಿದೆಯೇ ವಿಧಿಸುತ್ತದೆ. ಆ ಸಮಿತಿ ಯಾವಾಗ ಕೂಡಿತು, ಯಾವ ಗೂಡಿಗೆ, ಯಾವ ಕಾರ್ಖಾನೆಗೆ ಹೋಗಿ ನೋಡಿತು ಎಂದು ಜಿಲ್ಲಾಧಿಕಾರಿಗಳನ್ನು ಕೇಳುವುದು ಕಾರ್ಮಿಕ ಸಂಘಗಳ ಕರ್ತವ್ಯ. ಸಹಕಾರ ಸಂಘಗಳು ಮದುವೆಗೂ ಕಾಯಿಲೆಗೂ ಸಣ್ಣ ಸಾಲ ಕೊಡುವ ಹಾಗಾದರೆ ಮೇಸ್ತ್ರಿಯ ಗಂಟು ತಾನಾಗಿ ಸಡಿಲುತ್ತದೆ. ವಾರದ ದುಡಿಮೆಗೆ ವಾರದ ಬಟವಾಡೆ ತಪ್ಪದೆ ಕೈಸೇರಿದರೆ ಮುಂಗಡ ಬೇಡುವ ಸಂದರ್ಭವೇ ಅರ್ಧ ಕಡಮೆಯಾಗುತ್ತದೆ. ಗಿರಣಿಯವರು ‘ನಮಗೆ ಖಾಯಂ ಕೆಲಸವಿದೆ, ಇದು ಗೂಡಿನವರ ಪಾಡು’ ಎಂದು ಸುಮ್ಮನಿರಬಾರದು. ಒಬ್ಬನ ರಟ್ಟೆ ಒತ್ತೆಯಿಟ್ಟ ಊರಿನಲ್ಲಿ ಎಲ್ಲರ ಕೂಲಿಯೂ ಇಳಿಯುತ್ತದೆ. ಅಂಗಡಿಯವರೂ ನೆನಪಿಡಬೇಕು: ಕೂಲಿಯವನ ಕೈಗೆ ನಗದು ಬಂದರೆ ಮಾತ್ರ ಅದು ನಿಮ್ಮ ಗಲ್ಲಾಪೆಟ್ಟಿಗೆಗೆ ಬರುತ್ತದೆ.

ಆರ್ಲ್ಸ್ ಎಂಬ ಮಾತು ತಾನಾಗಿ ಸಾಯಲಿಲ್ಲ. ಗಣಿಯ ಆರ್ಲ್ಸ್ ಸತ್ತದ್ದು 1799ರ ಶಾಸನದಿಂದ. ಬೇಸಾಯದ ಆಳುಗಳ ಕೂಲಿಯನ್ನು ಮಂಡಲಿಗಳು ಗೊತ್ತುಮಾಡಬೇಕೆಂದು 1937ರಲ್ಲಿ ಕಾನೂನು ಬಂತು. ಆ ವೇಳೆಗೆ ಆಳಿನ ಸಂತೆಯೂ ಕ್ಷೀಣಿಸಿತ್ತು. ಕೆಲಸ ಮುಗಿದ ಮಾತು ನಿಘಂಟಿಗೆ ಹೋಯಿತು. ‘ಜೀತ’ ಎಂಬ ನಮ್ಮ ಮಾತಿಗೂ ಅದೇ ಗತಿ ಬರಲಿ. ಅರ್ಥವೇನೆಂದು ತಿಳಿಯಲು ನಮ್ಮ ಮೊಮ್ಮಕ್ಕಳು ನಿಘಂಟು ತೆರೆಯಬೇಕಾಗಲಿ.